ಪಟ್ಟಿ ಉದ್ದ, ಮಡಿಲು ಖಾಲಿ

ಮಗು ಹುಟ್ಟುವ ಮೊದಲೇ ಪಟ್ಟಿ ಹುಟ್ಟಿರುತ್ತದೆ. ಸೀಮಂತ ಮುಗಿಯುವಷ್ಟರಲ್ಲಿ ಅದು ಬಸುರಿಯ ಮೊಬೈಲಿಗೆ ಬಂದಿರುತ್ತದೆ. ಹಾಲಿನ ಬಾಟಲಿಗಳು, ಅವನ್ನು ಬಿಸಿ ಮಾಡಲು ಒಂದು ಯಂತ್ರ, ಕುದಿಸಲು ಇನ್ನೊಂದು, ವೈಪ್ಸ್, ಪೌಡರ್, ಲೋಷನ್, ತಲೆ ದುಂಡಗಾಗಲು ದಿಂಬು, ನಡೆಯಲು ವಾಕರ್. ಇನ್ನೂ ಹುಟ್ಟದ ಕೂಸಿಗೆ ನಡೆಯುವ ಸಾಧನ ಮಾರುವವರನ್ನು ಕೇಳುವವರೇ ಇಲ್ಲ.

ಮೊದಲ ಬಾಣಂತನ ತವರಿನದು ಎಂಬ ಪದ್ಧತಿ ನಮ್ಮಲ್ಲಿದೆ. ಹಾಗಾಗಿ ಪಟ್ಟಿಯ ಖರ್ಚು ಬೀಳುವುದು ಹೆಣ್ಣು ಹೆತ್ತವರ ಮೇಲೆ. ಮದುವೆಯ ಸಾಲವೇ ತೀರದ ಮನೆಯಲ್ಲಿ ಸ್ಟೆರಿಲೈಸರ್ ತರಲು ಮತ್ತೆ ಸಾಲ. ‘ತವರಿನವರು ಏನು ಕೊಟ್ಟರು’ ಎಂದು ನಾಮಕರಣದ ದಿನ ಕೇಳುವ ಬಾಯಿಗಳು ಆ ಸಾಲದ ಕಂತು ಕಟ್ಟುವುದಿಲ್ಲ.

ಇನ್ನೊಂದು ಪಟ್ಟಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ನಮ್ಮ ಮಕ್ಕಳ ವೈದ್ಯರು ಹೇಳುವುದು ಎರಡೂ ಅದೇ. ಹುಟ್ಟಿದ ಕೂಡಲೇ ಕೂಸನ್ನು ಒರೆಸಿ ತಾಯಿಯ ಎದೆಗೆ ತಾಗಿಸಿ ಮಲಗಿಸಿ. ಒಂದು ಗಂಟೆಯೊಳಗೆ ಎದೆಹಾಲು ಕೊಡಿ. ಮೊದಲ 24 ಗಂಟೆ ಸ್ನಾನ ಬೇಡ. ಹೊಕ್ಕುಳಿಗೆ ಏನೂ ಹಚ್ಚದೆ ಒಣಗಲು ಬಿಡಿ. ಆರು ತಿಂಗಳು ತಾಯಿಹಾಲು ಮಾತ್ರ, ನೀರೂ ಬೇಡ. ಇದರಲ್ಲಿ ಅಂಗಡಿಯಲ್ಲಿ ಸಿಗುವ ವಸ್ತು ಒಂದೂ ಇಲ್ಲ. ಅದಕ್ಕೇ ಈ ಪಟ್ಟಿ ಯಾರ ಮೊಬೈಲಿಗೂ ತಾನಾಗಿ ಬರುವುದಿಲ್ಲ.

ಹಾಗಾದರೆ ಕೊಳ್ಳಬೇಕಾದದ್ದು ಏನೂ ಇಲ್ಲವೇ? ಇದೆ, ಆದರೆ ಹೆಚ್ಚಿಲ್ಲ. ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆ ಬೇಕಾದಷ್ಟು. ಹಳೆಯ ಪಂಚೆ, ಹಳೆಯ ಸೀರೆ ಹೊಸ ಬಟ್ಟೆಗಿಂತ ವಾಸಿ. ಕುಲಾವಿ, ಕಾಲುಚೀಲ, ಮುಂದೆ ಗುಂಡಿಯಿರುವ ಅಂಗಿ, ರಬ್ಬರ್ ಶೀಟು, ಸೊಳ್ಳೆ ಪರದೆ. ನೋಡಲು ಬಂದವರು ಕೈ ತೊಳೆಯಲು ಬಾಗಿಲ ಹತ್ತಿರವೇ ಒಂದು ಸೋಪು. ಆ ಸೋಪಿನಷ್ಟು ಉಪಯೋಗದ ವಸ್ತು ಇಡೀ ‘ಬೇಬಿ’ ವಿಭಾಗದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಮತ್ತೆ ಒಂದು ಡಿಜಿಟಲ್ ಥರ್ಮಾಮೀಟರ್. ಕಂಕುಳಲ್ಲಿಟ್ಟಾಗ ಕೂಸಿನ ಮೈ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಅಪಾಯ, 35.5ಕ್ಕಿಂತ ಕೆಳಗಿಳಿದರೂ ಅಪಾಯ. ಹಾಲು ಕುಡಿಯದಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಅಂಗೈ ಅಂಗಾಲು ಹಳದಿಯಾದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಬೇಕು. ಜೀವ ಉಳಿಸುವ ಈ ನಾಲ್ಕು ಸಾಲು ಯಾವ ಉಡುಗೊರೆ ಪೆಟ್ಟಿಗೆಯ ಮೇಲೂ ಅಚ್ಚಾಗಿರುವುದನ್ನು ನಾವು ಕಂಡಿಲ್ಲ.

ಬೇಡದ್ದರ ಪಟ್ಟಿಯನ್ನೂ ಹೇಳಿಬಿಡೋಣ. ಪೌಡರಿನ ಧೂಳು ಕೂಸಿನ ಶ್ವಾಸಕ್ಕೆ ಹೋಗುತ್ತದೆ. ಕಾಡಿಗೆಯಲ್ಲಿ ಸೀಸ ಇರಬಹುದು. ದಿಂಬು ಉಸಿರು ಕಟ್ಟಿಸಬಹುದು. ಕೂಸನ್ನು ಅಂಗಾತ, ಸಮತಟ್ಟಾದ ಹಾಸಿಗೆಯ ಮೇಲೆ ಮಲಗಿಸಬೇಕು. ಗ್ರೈಪ್ ವಾಟರ್ ಆರು ತಿಂಗಳೊಳಗಿನ ಮಗುವಿಗೆ ಬೇಕಿಲ್ಲ. ವಾಕರ್‌ಗಳಿಂದ ಮಕ್ಕಳು ಮೆಟ್ಟಿಲಿಂದ ಉರುಳುತ್ತಾರೆ ಎಂದು ಕೆನಡಾ 2004ರಲ್ಲೇ ಅವುಗಳ ಮಾರಾಟ ನಿಷೇಧಿಸಿತು. ನಮ್ಮ ಊರಿನ ಅಂಗಡಿಗಳಲ್ಲಿ ಅವು ಇವತ್ತಿಗೂ ಬಾಗಿಲ ಮುಂದೆಯೇ ತೂಗುತ್ತಿವೆ.

ಈಗ ಸರ್ಕಾರದ ಚೀಲಕ್ಕೆ ಬರೋಣ. 2007ರಲ್ಲಿ ಕರ್ನಾಟಕ ‘ಮಡಿಲು’ ಯೋಜನೆ ತಂದಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ಕುಟುಂಬದ ತಾಯಿಗೆ 19 ವಸ್ತುಗಳ ಕಿಟ್. ಸೊಳ್ಳೆ ಪರದೆ, ಜಮಖಾನ, ಹೊದಿಕೆ, ಸೋಪು, ಬಾಣಂತಿಯ ಹೊಟ್ಟೆಗೆ ಕಟ್ಟುವ ಬಟ್ಟೆ, ಪ್ಯಾಡ್, ಬಾಚಣಿಗೆ, ಕೊಬ್ಬರಿ ಎಣ್ಣೆ, ಕೂಸಿಗೆ ರಬ್ಬರ್ ಶೀಟು, ಸ್ವೆಟರ್, ಟೋಪಿ, ಕಾಲುಚೀಲ. ಬಾಣಂತನ ಮಾಡಿ ಗೊತ್ತಿರುವವರು ಕೂತು ಬರೆದಂಥ ಪಟ್ಟಿ ಅದು. ಥರ್ಮಾಮೀಟರ್ ಒಂದನ್ನು ಸೇರಿಸಿದ್ದರೆ ಮಾತೇ ಇರುತ್ತಿರಲಿಲ್ಲ.

ಆ ಕಿಟ್‌ನಲ್ಲಿ ಬಾಣಂತಿಗೂ ಪಾಲಿತ್ತು ಎಂಬುದನ್ನು ಗಮನಿಸಬೇಕು. ಅಂಗಡಿಯ ಪಟ್ಟಿ ಕೂಸಿನದು ಮಾತ್ರ. ಹೆತ್ತವಳು ಅದರಲ್ಲಿ ಇಲ್ಲವೇ ಇಲ್ಲ. ಹೆರಿಗೆಯಾದ ಮೇಲೆ ವಾರಗಟ್ಟಲೆ ರಕ್ತಸ್ರಾವ ಆಗುತ್ತದೆ, ಹೊಲಿಗೆ ನೋಯುತ್ತದೆ, ರಾತ್ರಿ ನಿದ್ದೆಯಿಲ್ಲ. ಹೆರಿಗೆಯ ನಂತರವೂ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು ಎಂಬುದು ಸರ್ಕಾರದ್ದೇ ನಿಯಮ. ಕೂಸಿಗೆ ಐದು ಜೊತೆ ಕಾಲುಚೀಲ ತಂದ ಮನೆಯಲ್ಲಿ ಆ ಮಾತ್ರೆ ಮುಗಿದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಮಡಿಲು ಕಿಟ್ ಏನಾಯಿತು? ಕೆಲವು ವರ್ಷ ಬಂತು, ಆಮೇಲೆ ಪೂರೈಕೆ ಕುಂಟಿತು, ಕೊನೆಗೆ ನಿಂತೇ ಹೋಯಿತು. ‘ಕಿಟ್ ಬಂದಿಲ್ಲಮ್ಮ’ ಎಂದು ಹೇಳುವ ಕೆಲಸ ವಾರ್ಡಿನ ನರ್ಸಿನ ಪಾಲಿಗೆ ಬಂತು. ಟೆಂಡರ್ ಯಾರದು, ತಡ ಯಾರದು, ನಿಲ್ಲಿಸುವ ತೀರ್ಮಾನ ಯಾರದು ಎಂಬುದು ಬಾಣಂತಿಗೆ ಗೊತ್ತಾಗಲಿಲ್ಲ. ಕಿಟ್ ಹಂಚುವಾಗ ಫೋಟೊಗೆ ನಿಂತವರು, ನಿಂತುಹೋದಾಗ ವಾರ್ಡಿನ ಕಡೆ ಸುಳಿಯಲಿಲ್ಲ.

ನೆರೆರಾಜ್ಯಗಳೂ ಚೀಲ ಹೊಲಿಸಿದವು. ತಮಿಳುನಾಡಿನ ‘ಅಮ್ಮ’ ಕಿಟ್ 2015ರಲ್ಲಿ, ತೆಲಂಗಾಣದ ‘ಕೆಸಿಆರ್ ಕಿಟ್’ 2017ರಲ್ಲಿ ಬಂದವು. ಆಂಧ್ರದಲ್ಲಿ ಎನ್‌ಟಿಆರ್ ಹೆಸರಿನದೊಂದು. ವಸ್ತುಗಳು ಒಳ್ಳೆಯವೇ. ಆದರೆ ಕೂಸಿನ ಟೋಪಿಗೂ ರಾಜಕಾರಣಿಯ ಹೆಸರು ಅಂಟಿಸಿದರೆ, ಕುರ್ಚಿ ಬದಲಾದ ದಿನ ಟೋಪಿಯ ಗತಿಯೂ ಅನಿಶ್ಚಿತವಾಗುತ್ತದೆ.

ಫಿನ್ಲೆಂಡಿನಲ್ಲಿ ಇಂಥದೇ ಪೆಟ್ಟಿಗೆ 1938ರಲ್ಲಿ ಶುರುವಾಯಿತು. ಮೊದಲು ಬಡ ತಾಯಂದಿರಿಗೆ ಮಾತ್ರ; 1949ರಿಂದ ಎಲ್ಲರಿಗೂ. ಬಟ್ಟೆ, ಹೊದಿಕೆ, ಪುಟ್ಟ ಹಾಸಿಗೆ ಇರುವ ಆ ರಟ್ಟಿನ ಪೆಟ್ಟಿಗೆಯಲ್ಲೇ ಕೂಸನ್ನು ಮಲಗಿಸಬಹುದು. ಷರತ್ತು ಒಂದೇ: ನಾಲ್ಕು ತಿಂಗಳು ತುಂಬುವುದರೊಳಗೆ ಗರ್ಭಿಣಿ ತಪಾಸಣೆ ಮಾಡಿಸಿಕೊಂಡಿರಬೇಕು. ಅಲ್ಲಿ ಎಷ್ಟೋ ಸರ್ಕಾರಗಳು ಬಂದುಹೋದವು, ಯಾವುದೂ ಪೆಟ್ಟಿಗೆಯನ್ನು ಕೈಬಿಡಲಿಲ್ಲ. ನಮ್ಮ ಮಡಿಲಿಗೆ ಅಂಥ ಆಯುಸ್ಸು ಸಿಗಲಿಲ್ಲ.

ಹಾಲಿನ ವಿಷಯ ಸ್ವಲ್ಪ ನಿಂತು ಮಾತಾಡಬೇಕಾದದ್ದು. ದುಡ್ಡು ಹೆಚ್ಚು ಸೋರುವುದು ಅಲ್ಲೇ, ಕೂಸಿಗೆ ಪೆಟ್ಟು ಬೀಳುವುದೂ ಅಲ್ಲೇ.

ಸಿಸೇರಿಯನ್ ಆಗಿದೆ. ಎರಡನೇ ದಿನ. ಕೂಸು ಅಳುತ್ತಿದೆ. ‘ಹಾಲು ಬರ್ತಿಲ್ಲ’ ಎನ್ನುತ್ತಾಳೆ ಬಾಣಂತಿ. ‘ಪಾಪ, ಕೂಸು ಹಸಿದಿದೆ’ ಎನ್ನುತ್ತಾರೆ ನೋಡಲು ಬಂದವರು. ಮೊದಲ ದಿನಗಳಲ್ಲಿ ಬರುವ ಹಳದಿ ಗಟ್ಟಿ ಹಾಲು ಚಮಚಗಳ ಲೆಕ್ಕದಲ್ಲೇ ಇರುತ್ತದೆ, ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟು ಸಾಕು, ಮತ್ತೆ ಮತ್ತೆ ಚೀಪಿಸಿದರೆ ಹಾಲು ಕೂಡಿಕೊಳ್ಳುತ್ತದೆ ಎಂದು ಪಕ್ಕದಲ್ಲಿ ಕೂತು ಹೇಳುವವರು ಬೇಕು. ನೋಯುವ ಹೊಟ್ಟೆಯ ಮೇಲೆ ಭಾರ ಬೀಳದಂತೆ ಕೂಸನ್ನು ಹಿಡಿಯುವುದು ಹೇಗೆಂದು ಕೈ ಹಿಡಿದು ತೋರಿಸಬೇಕು. ನರ್ಸಿಗೆ ಇಡೀ ವಾರ್ಡಿನ ಕೆಲಸವಿದೆ. ಅರ್ಧ ಗಂಟೆಯ ಆ ನೆರವು ಸಿಗದೆ ಹೋದಾಗ ಚೀಟಿಯಲ್ಲಿ ಪುಡಿಹಾಲಿನ ಡಬ್ಬಿಯ ಹೆಸರು ಬರುತ್ತದೆ.

ಡಬ್ಬಿ ನಿಜಕ್ಕೂ ಬೇಕಾಗುವ ಕೂಸುಗಳಿವೆ. ತಾಯಿ ತೀರಿಕೊಂಡಿರಬಹುದು, ಗಂಭೀರ ಕಾಯಿಲೆ ಇರಬಹುದು, ಎಷ್ಟು ಪ್ರಯತ್ನಪಟ್ಟರೂ ಹಾಲು ಸಾಲದಿರಬಹುದು, ದತ್ತು ಪಡೆದ ಮಗುವಾಗಿರಬಹುದು. ಅಂಥ ತಾಯಂದಿರ ಮೇಲೆ ಬೆರಳು ತೋರಿಸುವುದು ಕ್ರೌರ್ಯ. ನಮ್ಮ ತಕರಾರು ನೆರವಿನ ಜಾಗದಲ್ಲಿ ಡಬ್ಬಿಯನ್ನು ಇಡುವವರ ಮೇಲೆ.

ಈ ದೇಶದಲ್ಲಿ ಇದಕ್ಕೊಂದು ಕಾನೂನು ಇದೆ. 1992ರ ಶಿಶು ಹಾಲಿನ ಬದಲಿ ಪದಾರ್ಥ, ಹಾಲುಣಿಸುವ ಬಾಟಲಿ ಮತ್ತು ಶಿಶು ಆಹಾರ ಕಾಯ್ದೆ; 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಎರಡು ವರ್ಷದೊಳಗಿನ ಮಕ್ಕಳ ಪುಡಿಹಾಲು, ಬಾಟಲಿ, ಆಹಾರಕ್ಕೆ ಜಾಹೀರಾತು ಕೊಡುವಂತಿಲ್ಲ. ಪುಡಿಹಾಲು, ಬಾಟಲಿಗಳ ಸ್ಯಾಂಪಲ್ ಹಂಚುವಂತಿಲ್ಲ. ಬಸುರಿ ಬಾಣಂತಿಯರಿಗೆ ಉಡುಗೊರೆಯ ಆಮಿಷ ತೋರುವಂತಿಲ್ಲ. ಪುಡಿಹಾಲಿನ ಡಬ್ಬಿಯ ಮೇಲೆ ಮಗುವಿನ ಚಿತ್ರ ಇರುವಂತಿಲ್ಲ. ಜಗತ್ತಿನಲ್ಲೇ ಬಿಗಿಯಾದ ಕಾನೂನುಗಳಲ್ಲಿ ಇದೂ ಒಂದು. ಆದರೂ ಮೊಬೈಲ್ ತೆರೆದರೆ ಬಾಟಲಿಗಳ ಮೇಲೆ ರಿಯಾಯಿತಿಯ ಪಟ್ಟಿ ಮಿನುಗುತ್ತಲೇ ಇರುತ್ತದೆ.

ಉಲ್ಲಂಘಿಸಿದರೆ ಮೂರು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜೈಲಿನ ಮಾತು ಹಾಗಿರಲಿ, ದೊಡ್ಡ ಕಂಪನಿಯೊಂದಕ್ಕೆ 5,000 ರೂಪಾಯಿ ಯಾವ ಲೆಕ್ಕ? ಒಬ್ಬ ಬಾಣಂತಿಯ ಮನೆಯವರು ಕೆಲವೇ ತಿಂಗಳಲ್ಲಿ ಡಬ್ಬಿಗಳಿಗೆ ಸುರಿಯುವ ದುಡ್ಡು ಅದಕ್ಕಿಂತ ಹೆಚ್ಚು.

ತೆರಿಗೆಯ ಕಥೆಯೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಡೈಪರ್ ಮತ್ತು ಹಾಲಿನ ಬಾಟಲಿಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಥರ್ಮಾಮೀಟರಿನದು ಶೇ 18ರಿಂದ 5ಕ್ಕೆ. ಇಳಿದದ್ದು ಒಳ್ಳೆಯದೇ. ಆದರೆ ಅಲ್ಲಿಯವರೆಗೆ, ಜಾಹೀರಾತು ಕೊಡಲೂಬಾರದು ಎಂದು ಕಾನೂನು ಮಾಡಿದ ಬಾಟಲಿಗಿಂತ, ಕೂಸಿನ ಜ್ವರ ಕಂಡುಹಿಡಿಯುವ ಸಾಧನಕ್ಕೆ ಹೆಚ್ಚು ತೆರಿಗೆ ಕಟ್ಟಿದವರು ನಾವೇ.

ಬಾಟಲಿಗೆ ನಮ್ಮಲ್ಲಿ ಪರ್ಯಾಯ ಇಲ್ಲದಿಲ್ಲ. ಒಳಲೆ ಇದೆ. ಉದ್ದ ಮೂತಿಯ ಪುಟ್ಟ ಲೋಹದ ಪಾತ್ರೆ. ಉಜ್ಜಿ ತೊಳೆಯಲು ಸುಲಭ, ಕುದಿಯುವ ನೀರಿಗೆ ಹಾಕಿದರೆ ಶುದ್ಧ, ಕೊಳೆ ಅಡಗುವ ನಿಪ್ಪಲ್ ಇಲ್ಲ. ದಿನ ತುಂಬದೆ ಹುಟ್ಟಿ ಚೀಪಲಾರದ ಕೂಸುಗಳಿಗೆ, ಹಿಂಡಿದ ತಾಯಿಹಾಲನ್ನು ನಮ್ಮ ಆಸ್ಪತ್ರೆಗಳ ಶಿಶು ಘಟಕಗಳಲ್ಲಿ ಕುಡಿಸುವುದು ಇದರಲ್ಲೇ ಅಥವಾ ಚಿಕ್ಕ ಲೋಟದಲ್ಲಿ. ತಲೆ ಎತ್ತಿ ಹಿಡಿದು, ತುಟಿಗೆ ತಾಗಿಸಿ, ಗುಟುಕು ಗುಟುಕಾಗಿ ಕೊಡಬೇಕು. ಮೂಗು ಹಿಡಿದು ಸುರಿಯುವ ಹಳೆಯ ರೂಢಿ ಮಾತ್ರ ಬೇಡವೇ ಬೇಡ. ಸೋದರಮಾವ ಕೊಟ್ಟ ಬೆಳ್ಳಿ ಒಳಲೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಪ್ಲಾಸ್ಟಿಕ್ ಬಾಟಲಿ ಕುದಿಸುತ್ತಿರುವ ಮನೆಗಳು ಎಷ್ಟೋ.

ಕಡಿಮೆ ತೂಕದ ಕೂಸಿಗೆ ಇದಕ್ಕಿಂತ ದೊಡ್ಡ ‘ಸಾಧನ’ ತಾಯಿಯ ಎದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ಎಡ್ಗರ್ ರೇ ಎಂಬ ವೈದ್ಯರು ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿಸಿದರು. ಕಾಂಗರೂ ಆರೈಕೆ ಎಂದು ಹೆಸರಾದದ್ದು ಇದೇ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ ಇದನ್ನು ಜಿಲ್ಲೆಯುದ್ದಕ್ಕೂ ಮಾಡಿ ತೋರಿಸಿದರು. ಬೇಕಾಗುವುದು ಕಟ್ಟಿಕೊಳ್ಳಲು ಒಂದು ಬಟ್ಟೆ, ಒರಗಲು ಒಂದು ಕುರ್ಚಿ, ಮನೆಯವರ ಸಹಕಾರ. ಗಂಡಸರೂ ಮಾಡಬಹುದು. ಕೊಪ್ಪಳದಲ್ಲಿ ಸಾಧ್ಯವಾದದ್ದು ರಾಜ್ಯದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಯಾಕೆ ದಿನನಿತ್ಯದ ಮಾತಾಗಿಲ್ಲ ಎಂದು ಆರೋಗ್ಯ ಇಲಾಖೆ ಹೇಳಬೇಕು.

ಡೈಪರ್ ಬಗ್ಗೆ ಒಂದೇ ಮಾತು. ರಾತ್ರಿ ನಿದ್ದೆಗೆಟ್ಟ ತಾಯಿಗೆ ಅದು ಆಸರೆ, ಬೇಡ ಎನ್ನಲು ನಾವು ಯಾರು? ಆದರೆ 2016ರ ಘನತ್ಯಾಜ್ಯ ನಿಯಮಗಳು ಡೈಪರ್ ಕಂಪನಿಗಳಿಗೆ ಒಂದು ಹೊಣೆ ಹೊರಿಸಿದವು: ಬಳಸಿದ್ದನ್ನು ಸುತ್ತಿ ಎಸೆಯಲು ಪ್ಯಾಕೆಟ್ ಜೊತೆ ಚೀಲ ಕೊಡಬೇಕು. ನಮ್ಮ ಕೈಗೆ ಬಂದ ಪ್ಯಾಕೆಟ್‌ಗಳಲ್ಲಿ ಆ ಚೀಲ ಕಾಣಲಿಲ್ಲ. ಬೆಳಗ್ಗೆ ಬಳಸಿದ ಡೈಪರನ್ನು ಬರಿಗೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕ ಮಹಿಳೆಯೂ ಒಬ್ಬ ತಾಯಿಯೇ.

ಇನ್ನು ದುಡ್ಡು. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಗರ್ಭಿಣಿ ಮತ್ತು ಬಾಣಂತಿಗೆ ಕನಿಷ್ಠ 6,000 ರೂಪಾಯಿ ಹೆರಿಗೆ ಭತ್ಯೆ ಎಂದು ಬರೆದಿಟ್ಟಿತು. ಸರ್ಕಾರಿ ನೌಕರಿಯವರಂತೆ ಬೇರೆ ಕಡೆಯಿಂದ ಸೌಲಭ್ಯ ಇರುವವರನ್ನು ಬಿಟ್ಟು ಎಲ್ಲರಿಗೂ. 2017ರಲ್ಲಿ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಬಂದಾಗ ಅದು 5,000 ಆಯಿತು, ಅದೂ ಮೊದಲ ಮಗುವಿಗೆ ಮಾತ್ರ. ಆಮೇಲೆ ಎರಡನೆಯದು ಹೆಣ್ಣಾದರೆ 6,000 ಎಂದು ಸೇರಿಸಿದರು. ಎರಡನೆಯದು ಗಂಡಾದರೆ ಆ ತಾಯಿಗೆ ಹೊಟ್ಟೆ ಹಸಿವಿಲ್ಲ ಎಂದು ಲೆಕ್ಕ ಹಾಕಿದ ಕಡತ ಎಲ್ಲಿದೆಯೋ ತೋರಿಸಲಿ.

ಆ ಹಣವೂ ಸುಮ್ಮನೆ ಬರುವುದಿಲ್ಲ. ಆಧಾರ್, ತಾಯಿ ಕಾರ್ಡ್, ಬ್ಯಾಂಕ್ ಖಾತೆ, ಎಲ್ಲದರಲ್ಲೂ ಹೆಸರು ಒಂದೇ ರೀತಿ ಇರಬೇಕು. ಮದುವೆಯಾಗಿ ಊರು ಬದಲಾದವಳ ದಾಖಲೆ ಒಂದಕ್ಕೊಂದು ಹೊಂದುವುದು ಅಪರೂಪ. ಹಸಿ ಬಾಣಂತಿಯ ಮನೆಯವರು ಒಂದು ಅಕ್ಷರ ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಕೂಸು ಕುಳಿತುಕೊಳ್ಳಲು ಕಲಿತ ಮೇಲೆ ಬರುವ ಹಣದಿಂದ ಬಾಣಂತಿಗೆ ತುಪ್ಪ ಕೊಂಡಂತಾಗುವುದಿಲ್ಲ.

ಹೆರಿಗೆ ರಜೆ 26 ವಾರ ಎಂದು 2017ರಲ್ಲಿ ಕಾನೂನು ಹಿಗ್ಗಿತು. 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕು ಎಂದೂ ಹೇಳಿತು. ಮನೆಗೆಲಸದವರಿಗೆ, ಕೂಲಿಯವರಿಗೆ, ಹೂ ಕಟ್ಟುವವರಿಗೆ ಈ ರಜೆ ಯಾರು ಕೊಡಬೇಕು? ಆರು ತಿಂಗಳು ಎದೆಹಾಲು ಮಾತ್ರ ಎಂಬ ಭಿತ್ತಿಪತ್ರವನ್ನು ಅಂಗನವಾಡಿ ಗೋಡೆಯ ಮೇಲೆ ಅಂಟಿಸಿದವರು, ಒಂದೇ ತಿಂಗಳಿಗೆ ಕೂಲಿಗೆ ಹೊರಟವಳ ಮಗು ಹಗಲು ಏನು ಕುಡಿಯಬೇಕು ಎಂದು ಬರೆದಿಲ್ಲ.

ಕೆಲಸಕ್ಕೆ, ಆಸ್ಪತ್ರೆಗೆ, ತವರಿಗೆ ಹೋಗುವ ತಾಯಿ ದಾರಿಯಲ್ಲಿ ಎಲ್ಲಿ ಹಾಲುಣಿಸಬೇಕು? ಸಾರ್ವಜನಿಕ ಸ್ಥಳಗಳಲ್ಲಿ ಅದಕ್ಕೊಂದು ಕೊಠಡಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ರಾಜ್ಯಗಳಿಗೆ ಹೇಳಿತು. ಕೆಲವು ಬಸ್ ನಿಲ್ದಾಣಗಳಲ್ಲಿ ಫಲಕ ಇದೆ. ಬಾಗಿಲಿಗೆ ಬೀಗವೂ ಇದೆ. ಕೀಲಿ ಯಾರ ಹತ್ತಿರ ಎಂದು ಕೇಳಿದರೆ ಕಂಟ್ರೋಲರ್ ಕೊಠಡಿಯಿಂದ ಶೌಚಾಲಯದವರ ಕಡೆಗೆ, ಅಲ್ಲಿಂದ ಮತ್ತೆ ಕಂಟ್ರೋಲರ್ ಕಡೆಗೆ ಕೈ ತೋರಿಸುತ್ತಾರೆ. ಅಷ್ಟರಲ್ಲಿ ಬಸ್ ಹೊರಟಿರುತ್ತದೆ.

ಇಷ್ಟೆಲ್ಲದರ ನಡುವೆ ಬಾಣಂತಿಯ ಬಾಗಿಲಿಗೆ ನಿಜವಾಗಿ ಬರುವವರು ಒಬ್ಬರೇ: ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಕೆ ಮನೆಗೆ ಬಂದು ಕೂಸಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುವ ರೀತಿ ನೋಡಬೇಕು. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಕೂಸುಗಳ ಸಾವು ತಗ್ಗಿಸಿ ತೋರಿಸಿದ ದಾರಿ ಇದು. ಆರೂ ಭೇಟಿಗೆ ಸೇರಿ ಆಕೆಗೆ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಒಂದು ಬಾಟಲಿ ಬಿಸಿ ಮಾಡುವ ಯಂತ್ರಕ್ಕೂ ಅದಕ್ಕಿಂತ ಹೆಚ್ಚು ಬೆಲೆಯಿದೆ.

2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆ ಎಂಬ ಭರವಸೆ ಸಿಕ್ಕ ಮೇಲೆ ಎದ್ದರು. ಸರ್ಕಾರ ಮಾತು ಉಳಿಸಿಕೊಂಡಿಲ್ಲ ಎಂದು ಅದೇ ವರ್ಷ ಮತ್ತೆ ಬೀದಿಗಿಳಿದರು. ನಮ್ಮ ಕೂಸುಗಳ ತೂಕ ನೋಡುವವರ ದುಡಿಮೆಯನ್ನು ತೂಗುವಾಗ ಸರ್ಕಾರದ ತಕ್ಕಡಿ ಯಾವತ್ತೂ ಒಂದೇ ಕಡೆ ವಾಲುತ್ತದೆ.

ಹಾಗಾಗಿ ನಾವು ಕೇಳಬೇಕಾದದ್ದು ಮೂರು. ಮಡಿಲು ಕಿಟ್ ಬರಲಿ, ಯಾರ ಹೆಸರೂ ಫೋಟೊವೂ ಇಲ್ಲದೆ, ಥರ್ಮಾಮೀಟರ್ ಮತ್ತು ಒಳಲೆ ಸೇರಿಕೊಂಡು. ಪ್ರತಿ ಹೆರಿಗೆ ಆಸ್ಪತ್ರೆಯ ಗೋಡೆಯ ಮೇಲೆ ಆ ತಿಂಗಳು ಎಷ್ಟು ಹೆರಿಗೆ, ಎಷ್ಟು ಕಿಟ್ ಎಂಬ ಎರಡು ಅಂಕಿ ಬರೆಯಲಿ. ಹಾಲುಣಿಸಲು ಕಲಿಸುವುದಕ್ಕೆಂದೇ ಬಾಣಂತಿ ವಾರ್ಡಿನಲ್ಲಿ ಒಬ್ಬರನ್ನು ನೇಮಿಸಲಿ. ಇವು ಮೂರಕ್ಕೂ ಹೊಸ ಕಾನೂನು ಬೇಕಿಲ್ಲ.

ಈ ವಾರ ಯಾರ ಮನೆಯಲ್ಲಾದರೂ ಹೆರಿಗೆ ಇದ್ದರೆ ಇಷ್ಟು ಗೊತ್ತಿರಲಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಪರೀಕ್ಷೆ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ಊಟ ಉಚಿತ. ಕೂಸಿಗೆ ಕಾಯಿಲೆಯಾದರೆ ಅದರ ಚಿಕಿತ್ಸೆಯೂ ಉಚಿತ. ಮನೆಗೆ ಬಿಡಲು ನಗು–ಮಗು ವಾಹನ ಕೇಳಿ. ಹುಟ್ಟಿದಾಗ ಕೊಡುವ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಮೂರೂ ತಾಯಿ ಕಾರ್ಡಿನಲ್ಲಿ ದಾಖಲಾಗಿವೆಯೇ ನೋಡಿಕೊಳ್ಳಿ. ಹೊರಗಿನಿಂದ ಔಷಧ ತರಲು ಚೀಟಿ ಕೊಟ್ಟರೆ ಆ ಚೀಟಿ ಮತ್ತು ಬಿಲ್ಲನ್ನು ಇಟ್ಟುಕೊಳ್ಳಿ, ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ.